ಅವ್ವ ಆರಿಸದ ಕರ್ಪೂರ

ಯಾರಾದರೂ "ಕರ್ಪೂರ ಹಚ್ಚಿ ಆಣೆ ಮಾಡು ನೋಡೋಣ" ಅಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ತಮಾಷೆಗೆ ಅಂದರೂ ಅಷ್ಟೇ. ಹೋದ ವರ್ಷ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಜೊತೆಯ ನರ್ಸೊಬ್ಬಳು ಡ್ಯೂಟಿ ಬದಲಾಯಿಸಿಕೊಳ್ಳುವ ವಿಷಯಕ್ಕೆ ನಗುತ್ತಾ ಹಾಗಂದಳು. "ನನ್ನ ಮಾತು ನಂಬೋದಾದರೆ ನಂಬು, ಇಲ್ಲದಿದ್ದರೆ ಬಿಡು. ಕರ್ಪೂರದ ಸುದ್ದಿ ಮಾತ್ರ ನನ್ನ ಹತ್ತಿರ ಎತ್ತಬೇಡ" ಅಂದುಬಿಟ್ಟೆ. ಪಾಪ, ಅವಳ ಮುಖ ಸಣ್ಣದಾಯಿತು. ಆಮೇಲೆ ನಾನೇ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ, ಆದರೆ ಕ್ಷಮೆ ಕೇಳಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮೂರ ಬಂಗಲೆಯ ಕರ್ಪೂರದ ಮರದಿಂದ ಶುರು ಮಾಡಬೇಕು. ನಮ್ಮ ನೆಂಟರಲ್ಲೇ ಕೆಲವರು "ಆದದ್ದಾಯ್ತು, ಅದನ್ನೆಲ್ಲ ಬರೀಬ್ಯಾಡ" ಅಂದಿದ್ದಾರೆ. ಬರೆಯುತ್ತೇನೆ.

ಜಾವಗಲ್‌ನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಬಸ್ಸು ಒಂದು ನಿಮಿಷ ನಿಂತು ಹೋಗುವ ಊರು ನಮ್ಮದು. ಊರಾಚೆ ಒಂದು ಹಳೆಯ ಸರ್ಕಾರಿ ಬಂಗಲೆ. ಅಪ್ಪ ಅಲ್ಲಿ ಮೇಟಿ. ಅಂದರೆ ಬೀಗ ತೆಗೆಯುವವನು, ಕಸ ಗುಡಿಸುವವನು, ಸಾಹೇಬರು ಬಂದರೆ ಕೋಳಿ ಸಾರು ಮಾಡುವವನು, ಎಲ್ಲ ಅವನೇ. ಬಂಗಲೆಯ ಹಿಂದಿನ ಎರಡು ಕೋಣೆಯಲ್ಲಿ ಅಪ್ಪ, ಅವ್ವ, ನಾನು. ನಮ್ಮ ಅಂಗಳದಲ್ಲಿ ಆ ಮರ.

ಯಾವ ಕಾಲದ ಯಾವ ಎಂಜಿನಿಯರು ಎಲ್ಲಿಂದ ತಂದು ನೆಟ್ಟನೋ, ಸುತ್ತಮುತ್ತ ಅಂಥ ಮರ ಇನ್ನೊಂದಿರಲಿಲ್ಲ. ಇಬ್ಬರು ಕೈ ಹಿಡಿದು ತಬ್ಬುವಷ್ಟು ಬುಡ, ಉದ್ದುದ್ದ ಬಿರುಕು ಬಿಟ್ಟ ತೊಗಟೆ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ. ಚಿಗುರು ಬಂದಾಗ ಮರವೆಲ್ಲ ಕೆಂಪಗಾಗುತ್ತಿತ್ತು. ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿದರೆ ಮೂಗಿಗೆ ಕರ್ಪೂರದ ವಾಸನೆ ಹೊಡೆಯುತ್ತಿತ್ತು. ಶಾಲೆಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಕರ್ಪೂರ ಅಂಗಡೀಲಿ ಸಿಗೋದು ಕಣೇ, ಮರದಲ್ಲಿ ಬಿಡ್ತದಾ? ರೀಲು ಬಿಡ್ಬ್ಯಾಡ" ಅಂತ ನಗುತ್ತಿದ್ದರು. ಮನೆಗೆ ಬಂದು ವಾಸನೆ ನೋಡಿ ಅಂದರೆ ಅದೂ ಆಗದು. ನಮ್ಮ ಮನೆಗೆ ಬರುವವರಲ್ಲವಲ್ಲ ಅವರು.

ಒಮ್ಮೆ ಹಳೇಬೀಡಿನ ದೇವಸ್ಥಾನ ನೋಡಲು ಬಂದ ದೊಡ್ಡ ಸಾಹೇಬರೊಬ್ಬರು ಬಂಗಲೆಯಲ್ಲಿ ಇಳಿದುಕೊಂಡರು. ಅವರ ಜೊತೆ ಬಂದ ಅಡುಗೆಯವನು ಭಾರಿ ಜಂಬದವನು. ಅಪ್ಪನನ್ನು ಅಡುಗೆಮನೆಯಿಂದ ಆಚೆ ಕಳಿಸಿ, ಅಂಗಳಕ್ಕೆ ಬಂದು ಮರ ನೋಡಿ, "ಅರೆರೆ, ಪಲಾವ್ ಎಲೆ ಮರ ಇಲ್ಲೇ ಇದೆಯಲ್ಲಪ್ಪಾ!" ಅಂತ ಒಂದು ಹಿಡಿ ಎಲೆ ಕಿತ್ತುಕೊಂಡು ಹೋದ. ಅಪ್ಪ ಬಾಯಿ ಬಿಡಲಿಲ್ಲ. ಬೇಕಂತಲೇ ಬಿಡಲಿಲ್ಲ ಅಂತ ನನ್ನ ನಂಬಿಕೆ. ಮಧ್ಯಾಹ್ನ ಊಟಕ್ಕೆ ಕೂತ ಸಾಹೇಬರು ಎರಡು ತುತ್ತು ತಿಂದು, "ಏನಯ್ಯಾ ಇದು, ಮಂಗಳಾರತಿ ತಟ್ಟೆ ನೆಕ್ಕಿದ ಹಾಗಿದೆ!" ಅಂತ ಕೂಗಾಡಿದರು. ಅವತ್ತು ಪಾತ್ರೆ ತುಂಬ ಪಲಾವ್ ತಿಪ್ಪೆಗೆ ಹೋಯಿತು. ಕಾಗೆ ಕೂಡ ಮುಟ್ಟಲಿಲ್ಲ.

ಮರದ ಗುಣ ಸರಿಯಾಗಿ ಅರಿತವಳು ಅವ್ವ. ಊರಿನ ಬಾಣಂತಿಯರಿಗೆ, ಕೂಸುಗಳಿಗೆ ನೀರೆರೆಯುವುದು ಅವಳ ಕೆಲಸ. ಅವಳಿಗಿಂತ ಮೊದಲು ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಅದೇ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಅವ್ವ ಹೊರಟರೆ ಕಂಕುಳಲ್ಲಿ ಲಕ್ಕಿ ಸೊಪ್ಪಿನ ಕಟ್ಟು. ಹಂಡೆ ನೀರಿಗೆ ಆ ಸೊಪ್ಪು ಹಾಕಿ ಕುದಿಸಿ ಬಾಣಂತಿಯ ಸೊಂಟಕ್ಕೆ ಚೊಂಬು ಚೊಂಬು ಹುಯ್ಯುವಳು. ಕೂಸಿಗೆ ಹರಳೆಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ತಲೆಗೆ ಆಕಾರ ಬರುವ ಹಾಗೆ ನೀವುತ್ತಾ ಎರೆಯುವಳು. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ, ಓಮ ಉದುರಿಸಿ ಆ ಹೊಗೆಗೆ ಬಾಣಂತಿಯ ಕೂದಲು ಒಣಗಿಸುವಳು. ಕೂಸಿಗೆ ಹೊಟ್ಟೆ ಉಬ್ಬರಿಸಿದರೆ ಬಜೆ ತೇಯ್ದು ಹೊಕ್ಕುಳ ಸುತ್ತ, ಶೀತವಾದರೆ ದೊಡ್ಡಪತ್ರೆ ಬಾಡಿಸಿ ನೆತ್ತಿಗೆ. ಸಂಜೆ ಮನೆಗೆ ಬಂದ ಅವ್ವನ ಸೆರಗಿನಲ್ಲಿ ಇವೆಲ್ಲ ವಾಸನೆಯೂ ಇರುತ್ತಿತ್ತು. ನಾನು ಆ ಸೆರಗು ಹೊದ್ದು ಓದುತ್ತಾ ಕೂರುತ್ತಿದ್ದೆ.

ಕರ್ಪೂರದ ಮರದ ಎಲೆಗೂ ಅವಳ ಹತ್ತಿರ ಕೆಲಸವಿತ್ತು. ಟ್ರಂಕಿನ ಸೀರೆ ನಡುವೆ, ಕಂಬಳಿಯ ಮಡಿಕೆಯಲ್ಲಿ ನಾಲ್ಕು ಒಣಗಿದ ಎಲೆ ಇಟ್ಟರೆ ಹುಳ ಸುಳಿಯುತ್ತಿರಲಿಲ್ಲ. ಮಂಡಿ ನೋವಿನ ಮುದುಕಿಯರಿಗೆ ಬಿಸಿನೀರಿಗೆ ಎಲೆ ಹಾಕಿ, ಆ ನೀರಲ್ಲಿ ಬಟ್ಟೆ ಅದ್ದಿ ಶಾಖ ಕೊಡುತ್ತಿದ್ದಳು. ಕೂಸಿಗೆ ಮಾತ್ರ ಕೂಡದು. ಮರದ್ದೂ ಕೂಡದು, ಅಂಗಡಿಯದ್ದೂ ಕೂಡದು.

"ಇದರ ಘಾಟು ಎಳೇ ಕೂಸು ತಡೆಯಾಕಿಲ್ಲ ಕಣವ್ವ" ಅನ್ನುತ್ತಿದ್ದಳು. "ಹುಳ ಸಾಯೋ ಘಾಟು ಕೂಸಿಗೆ ಹೆಂಗೆ ಒಳ್ಳೇದಾದಾತು?"

ಮುಂದೆ ನಾನು ನರ್ಸಿಂಗ್ ಓದುವಾಗ ಇದೇ ಮಾತು ಪುಸ್ತಕದಲ್ಲಿ ಸಿಕ್ಕಿತು. ಕರ್ಪೂರ ಎಳೆಯ ಮಕ್ಕಳಿಗೆ ವಿಷ, ಮೂಗಿಗೆ ಹಚ್ಚಿದರೆ ಸೆಳವು ಬರಬಹುದು ಅಂತ. ಓಡಿಬಂದು ಅವ್ವನಿಗೆ ಓದಿ ಹೇಳಿದೆ. "ಪುಸ್ತಕದೋರು ಯಾರ್ತಾವ ಕಲ್ತ್ರಂತೆ?" ಅಂದಳು, ಅಷ್ಟೇ.

ಅಪ್ಪನಿಗೆ ಕರ್ಪೂರ ಕಂಡರೆ ಆಗುತ್ತಿರಲಿಲ್ಲ, ಆದರೆ ಕಾರಣ ಬೇರೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ನಮ್ಮ ಕೇರಿಯ ಇನ್ನೂ ಕೆಲವರ ಜೊತೆ ಅರಸೀಕೆರೆಗೆ ಹೋಗಿ ಬೌದ್ಧನಾಗಿ ಬಂದ. ಬಂದವನೇ ದೇವರ ಗೂಡಿನಲ್ಲಿದ್ದ ಕರ್ಪೂರದ ಪೊಟ್ಟಣ ಆಚೆ ಎಸೆದು, ಬುದ್ಧನ ಪಟ ಇಟ್ಟು, ಮೇಣದ ಬತ್ತಿ ಹಚ್ಚಿದ. ಅವ್ವ ಅಂಗಳಕ್ಕೆ ಹೋಗಿ ಪೊಟ್ಟಣ ಎತ್ತಿಕೊಂಡು ಬಂದು ಟ್ರಂಕಿಗೆ ಹಾಕಿದಳು. ಅಪ್ಪ ಗುರಾಯಿಸಿದ್ದಕ್ಕೆ, "ಸೀರೆಗೆ ಹುಳ ಬರೋದು ಯಾವ ಧರ್ಮ ಅಂತ ನೋಡ್ಕಂಡು ಬತ್ತದಾ?" ಅಂದಳು.

ಅಪ್ಪನ ಸಿಟ್ಟು ಸುಮ್ಮನೆ ಬಂದದ್ದಲ್ಲ. ನಮ್ಮೂರ ಗುಡಿಯ ಒಳಗೆ ನಾವು ಹೋಗುತ್ತಿರಲಿಲ್ಲ. ಹೋಗಬೇಡಿ ಅಂತ ಯಾರೂ ಬೋರ್ಡು ಹಾಕಿರಲಿಲ್ಲ, ಹೋಗುವ ಹಾಗಿರಲಿಲ್ಲ. ಮಂಗಳಾರತಿ ತಟ್ಟೆ ಒಳಗಿನವರಿಗೆಲ್ಲ ಸುತ್ತಿ ಬಂದು ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಆದರೆ ಕೇರಿಯವರ ಮೇಲೆ ಏನಾದರೂ ಆಪಾದನೆ ಬಂದರೆ, ಕಳವೋ, ಜಗಳವೋ, ಆಗ ಅದೇ ಕರ್ಪೂರ ಮೆಟ್ಟಿಲಿಳಿದು ನಮ್ಮ ಕಾಲ ಬಳಿ ಬರುತ್ತಿತ್ತು. ಕೊನೆಯ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಹಚ್ಚುತ್ತಿದ್ದರು. ಆಪಾದನೆ ಹೊತ್ತವರು "ನಾನು ಮಾಡಿಲ್ಲ" ಅಂತ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ಮನೆ ದೀಪ ಆರುತ್ತದೆ ಅಂತ ಎಲ್ಲರ ಭಯ. ಬೆಳಕು ಕೊಡೋಕೆ ಬಾರದ ಕರ್ಪೂರ ಭಯ ಬೀಳಿಸೋಕೆ ಬರುತ್ತಿತ್ತು. ನನಗೆ ಇದು ಚಿಕ್ಕಂದಿನಲ್ಲೇ ಕಂಡಿತ್ತು, ಚಿಕ್ಕಂದಿನಲ್ಲೇ ಹೊಟ್ಟೆ ಉರಿದಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ದಿನಾ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿ ಎರಡನೇ ಪಿಯುಸಿ ಸೈನ್ಸ್ ಓದುತ್ತಿದ್ದೆ. ಆ ವರ್ಷ ನಮ್ಮೂರ ಕೊಬ್ಬರಿ ಮಂಡಿ ಸಾಹುಕಾರರ ಮಗಳು ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸಾಯಿತು. ಸಾಹುಕಾರರ ತಾಯಿಯನ್ನು ಊರೆಲ್ಲ ದೊಡ್ಡಮ್ಮನೋರು ಅನ್ನುತ್ತಿತ್ತು. ಅವರೇ ಆಳು ಕಳಿಸಿ ಅವ್ವನನ್ನು ಕರೆಸಿದರು. ಹಿಂದೆ ಇದೇ ಸಾಹುಕಾರರು ಕೂಸಾಗಿದ್ದಾಗ ಅವರಿಗೆ ನೀರೆರೆದವಳು ನಮ್ಮಜ್ಜಿ.

ಆ ಮನೆಯ ಮುಂಬಾಗಿಲಿಗೇ ಮಂಡಿ. ಕೊಬ್ಬರಿ ರಾಶಿ, ತಕ್ಕಡಿ, ಮೂಟೆ ಹೊಲಿಯುವವರು. ಅವ್ವ ಆ ಬಾಗಿಲು ದಾಟುವ ಹಾಗಿರಲಿಲ್ಲ. ಪಕ್ಕದ ಸಂದಿಯಲ್ಲಿ ಸುತ್ತಿ ಹಿತ್ತಲ ಬಾಗಿಲಿಂದ ನೇರ ಬಚ್ಚಲುಮನೆಗೆ ಹೋಗಬೇಕು. ಆ ಮನೆಯ ಕೂಸನ್ನು ಬರಿಮೈಯಲ್ಲಿ ತೊಡೆಯ ಮೇಲೆ ಹಾಕಿಕೊಳ್ಳಬಹುದು, ಆ ಮನೆಯ ಹೊಸಿಲು ಮಾತ್ರ ತುಳಿಯಬಾರದು. ಇದೆಂಥ ನ್ಯಾಯ ಅಂತ ಕೇಳಿದರೆ ಅವ್ವ, "ಕೂಸಿಗೇನು ಗೊತ್ತು ಬಿಡು" ಅನ್ನುತ್ತಿದ್ದಳು. ನಾನು ಕೇಳಿದ್ದು ಕೂಸಿನ ವಿಷಯ ಅಲ್ಲ.

ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಮಾಗಿಯ ಚಳಿಗೆ ಮೂಗು ಕಟ್ಟಿತು. ಅವತ್ತು ಭಾನುವಾರ, ಕಾಲೇಜಿರಲಿಲ್ಲ. ಸೊಪ್ಪಿನ ಕಟ್ಟು ಹೊತ್ತು ನಾನೂ ಅವ್ವನ ಜೊತೆ ಹೋಗಿದ್ದೆ. ಬಚ್ಚಲ ಕಿಟಕಿಯ ಮೇಲೆ ಕರ್ಪೂರದ ಪೊಟ್ಟಣ ಇತ್ತು. ದೊಡ್ಡಮ್ಮನೋರು ಬಾಗಿಲಲ್ಲಿ ನಿಂತು ಅದನ್ನು ತೋರಿಸಿದರು.

"ಮೂಗು ಕಟ್ಟೈತೆ ಕಣಮ್ಮಿ. ಕೊಬ್ರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಎದೆಗೆ, ಮೂಗಿಗೆ ಒಂಚೂರು ಸವರು."

"ಬ್ಯಾಡಿ ದೊಡ್ಡಮ್ನೋರೆ. ಎಳೇ ಕೂಸು. ದೊಡ್ಡಪತ್ರೆ ಬಾಡ್ಸಿ ನೆತ್ತಿಗೆ ಹಾಕ್ತೀನಿ. ಬೆಚ್ಚಗೆ ಸುತ್ತಿ ಮಲಗ್ಸಿ, ಸಾಕು."

"ನಾಲ್ಕು ಹೆತ್ತೋಳು ನಾನು. ನಂಗೇ ಹೇಳ್ಕೊಡ್ತೀಯಾ?"

"ಹೆತ್ತೋರು ನೀವೇ. ನೀರೆರೆದೋಳು ನಮ್ಮತ್ತೆ. ಅವರೂ ಇದನ್ನೇ ಹೇಳೋರು. ಬ್ಯಾಡಿ."

ದೊಡ್ಡಮ್ಮನೋರಿಗೆ ಅವಮಾನವಾಯಿತು ಅಂತ ಕಾಣುತ್ತದೆ. ಸೆರಗು ಕೊಡವಿಕೊಂಡು ಒಳಗೆ ಹೋದರು. ಅವ್ವ ಕೂಸಿಗೆ ನೀರೆರೆದು, ಒರೆಸಿ, ಬೆಚ್ಚಗೆ ಸುತ್ತಿ ಕೊಟ್ಟು ಬಂದಳು. ಆಗ ಕೂಸು ಚೆನ್ನಾಗಿಯೇ ಇತ್ತು. ಹಾಲು ಕುಡಿದು ಮಲಗಿದ್ದನ್ನು ನಾನೇ ಕಣ್ಣಾರೆ ನೋಡಿದೆ.

ಸಂಜೆ ಕೂಸಿಗೆ ಸೆಳವು ಬಂತು. ಸಾಹುಕಾರರು ಕಾರು ಮಾಡಿಸಿಕೊಂಡು ಹಾಸನಕ್ಕೆ ಓಡಿದರು. ಕಾರು ಓಡಿಸಿದವನು ನಮ್ಮ ಕೇರಿಯವನೇ. ಅವನೇ ಆಮೇಲೆ ನಮಗೆ ಹೇಳಿದ್ದು. ಅಲ್ಲಿ ಡಾಕ್ಟರು, "ಮೈಯೆಲ್ಲ ಕರ್ಪೂರದ ವಾಸನೆ! ಈ ಎಳೇ ಮಗುವಿಗೆ ಹಚ್ಚಿದ್ದು ಯಾರು?" ಅಂತ ರೇಗಿದರಂತೆ. ಸಾಹುಕಾರರು ತಾಯಿಯ ಮುಖ ನೋಡಿದರಂತೆ. ದೊಡ್ಡಮ್ಮನೋರು, "ನೀರೆರೆಯೋಳು ಏನು ಹಚ್ಚಿದ್ಳೋ" ಅಂದರಂತೆ. ಕೂಸು ಉಳಿಯಿತು. ಮೂರು ದಿನಕ್ಕೆ ಚೇತರಿಸಿಕೊಂಡು ಮನೆಗೆ ಬಂತು. ಆ ಮೂರು ದಿನ ಅವ್ವ ಬಾಯಿಗೆ ಅನ್ನ ಹಾಕಲಿಲ್ಲ.

ಕೂಸಿಗಿಂತ ಮೊದಲು ಮಾತು ಊರು ತಲುಪಿತ್ತು. ಕರ್ಪೂರದ ಮರ ಇರೋದು ಯಾರ ಅಂಗಳದಲ್ಲಿ? ದಿನಾ ಸೊಪ್ಪು ಸದೆ ಹೊತ್ತು ಹೋಗೋಳು ಯಾರು? ಇನ್ಯಾರು ಹಚ್ಚುತ್ತಾರೆ? ಹಾಗಂತ ಊರಿಗೆ ಊರೇ ತೀರ್ಮಾನ ಮಾಡಿತು. ಮರದಲ್ಲಿ ಕರ್ಪೂರ ಬಿಡ್ತದಾ ಅಂತ ನನ್ನನ್ನು ಆಡಿಕೊಂಡು ನಕ್ಕಿದ್ದವರೇ ಒಂದೇ ದಿನದಲ್ಲಿ ಮರವನ್ನು ನಂಬಿಬಿಟ್ಟರು! ಅಂಗಡಿ ಕರ್ಪೂರ ಮನೆಮನೆಯ ದೇವರ ಗೂಡಿನಲ್ಲಿತ್ತು, ಅದನ್ನು ಯಾರೂ ನೆನೆಯಲಿಲ್ಲ.

ಶುಕ್ರವಾರ ಹೇಳಿಕಳಿಸಿದರು. ಸೋಮವಾರ ಬೆಳಿಗ್ಗೆ ಗುಡಿ ಮುಂದೆ ಬಂದು, ಕೂಸಿಗೆ ಕರ್ಪೂರ ಹಚ್ಚಿಲ್ಲ ಅಂತ ಅವ್ವ ಕರ್ಪೂರ ಆರಿಸಿ ಆಣೆ ಮಾಡಬೇಕು. ಮಾಡಿದರೆ ಎಂದಿನಂತೆ ಕೆಲಸಕ್ಕೆ ಹೋಗಬಹುದು. ಮಾಡದಿದ್ದರೆ ಇನ್ನು ಮೇಲೆ ಊರಿನ ಯಾವ ಕೂಸನ್ನೂ ಮುಟ್ಟುವ ಹಾಗಿಲ್ಲ.

ಕೇರಿಯ ಹೆಂಗಸರು ಬಂದು, "ಮಾಡಿಬಿಡು ಅತ್ಲಾಗೆ. ನೀನು ಹಚ್ಚಿಲ್ವಲ್ಲ, ನಿಂಗೇನು ಭಯ? ಒಂದ್ಸಲ ಕೈ ಬಡುದ್ರೆ ಮುಗೀತು" ಅಂದರು. ಅಪ್ಪ ನೆಟ್ಟಗೆ ನಿಂತು, "ಹೋಗಬ್ಯಾಡ. ನಾವು ಕರ್ಪೂರ ಮುಟ್ಟೋರಲ್ಲ. ಹೋದ್ರೆ ನನ್ನ ಮರ್ಯಾದೆ ಹೋಯ್ತದೆ" ಅಂದ. ನಾನು ಮಧ್ಯೆ ಬಾಯಿ ಹಾಕಿ, "ದೊಡ್ಡಮ್ಮನೋರೇ ಹಚ್ಚಿದ್ದು ಅಂತ ಹೋಗಿ ಕೂಗೋಣ. ನಾನು ಕೇಳಿಸ್ಕೊಂಡಿದ್ದೀನಿ" ಅಂದೆ.

ಅವ್ವ ನಮ್ಮಿಬ್ಬರಿಗೂ ಉತ್ತರ ಕೊಟ್ಟಳು. ಮೊದಲು ಅಪ್ಪನಿಗೆ. "ನಿನ್ನ ಧರ್ಮ ನಿನ್ತಾವ ಇರ್ಲಿ. ಹೋಗೋ ಕೆಲ್ಸ ನಂದು, ಮಾತು ಕೇಳೋ ಕಿವಿ ನಂದು. ನಾನು ಹೋಯ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಹಚ್ಚಿದ್ದು ನೀನು ಕಂಡ್ಯಾ? ಬ್ಯಾಡ ಅಂದಿದ್ದು ಕೇಳಿಸ್ಕಂಡೆ, ಅಷ್ಟೇಯ. ಕಾಣ್ದೇ ಇರೋದ್ನ ಹೇಳಿದ್ರೆ ನಾವೂ ಅವರಂಗೇ ಆದಂಗಾಯ್ತು" ಅಂದಳು.

"ಹಂಗಾದ್ರೆ ಆಣೆ ಮಾಡ್ತೀಯಾ?" ಅಂತ ಕೇಳಿದೆ. ಅವಳು ಲಕ್ಕಿ ಸೊಪ್ಪಿನ ಕಡ್ಡಿ ಬಿಡಿಸುತ್ತಾ ಕೂತಳು. ನಾಳೆ ಯಾವ ಮನೆಗೂ ಹೋಗುವುದಿಲ್ಲ ಅಂತ ಗೊತ್ತಿದ್ದೂ ಬಿಡಿಸುತ್ತಿದ್ದಳು.

ಸೋಮವಾರ ಅಪ್ಪ ಬರಲಿಲ್ಲ. ನಾನು ಕಾಲೇಜು ತಪ್ಪಿಸಿ ಹೋದೆ. ಗುಡಿ ಮುಂದೆ ಜನ ಸೇರಿದ್ದರು. ಪೂಜೆಯವರು ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ತಟ್ಟೆ ಇಟ್ಟು, ದಪ್ಪನೆಯ ಕರ್ಪೂರದ ಬಿಲ್ಲೆ ಹಚ್ಚಿದರು. ಸಾಹುಕಾರರು ಒಂದು ಪಕ್ಕ. ದೊಡ್ಡಮ್ಮನೋರು ಮೇಲೆ ಜಗಲಿಯಲ್ಲಿ ಕೂತಿದ್ದರು. ಊರ ಹಿರಿಯರೊಬ್ಬರು, "ಕೂಸಿಗೆ ಕರ್ಪೂರ ಹಚ್ಚಲಿಲ್ಲ ಅಂತ ಹೇಳಿ ಆರ್ಸಮ್ಮ" ಅಂದರು.

"ನಾನು ಹಚ್ಚಲಿಲ್ಲ" ಅಂದಳು ಅವ್ವ. ಕೈ ಎರಡೂ ಕಟ್ಟಿಕೊಂಡೇ ನಿಂತಿದ್ದಳು.

"ಅದನ್ನೇ ಕರ್ಪೂರ ಆರಿಸಿ ಹೇಳು."

"ಆರ್ಸಾಕಿಲ್ಲ."

ಜನ ಗುಜುಗುಜು ಅಂದರು. ಅವ್ವನ ದನಿ ಯಾವತ್ತೂ ದೊಡ್ಡದಲ್ಲ. ಅವತ್ತೂ ದೊಡ್ಡದು ಮಾಡಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

"ಇಲ್ಲಿ ನಿಂತಿರೋರಲ್ಲಿ ಅರ್ಧ ಜನ ನಮ್ಮತ್ತೆ ಕಾಲ ಮ್ಯಾಲೋ ನನ್ನ ಕಾಲ ಮ್ಯಾಲೋ ಮಲಗಿ ನೀರು ಹುಯ್ಯಿಸ್ಕಂಡೋರೇ. ಕೂಸು ಕೈಗೆ ಕೊಡೋವಾಗ ಯಾರೂ ಆಣೆ ಕೇಳ್ಲಿಲ್ಲ. ಈಗ ಕೇಳ್ತಿದ್ದೀರಿ. ಆಗ್ಲಿ. ಆವತ್ತು ಬೆಳಿಗ್ಗೆಯಿಂದ ಸಂಜೆಗಂಟ ಆ ಕೂಸ್ನ ಮುಟ್ಟಿದೋರೆಲ್ಲ ಒಬ್ಬೊಬ್ರೇ ಬಂದು ಕರ್ಪೂರ ಆರಿಸ್ಲಿ. ಕಡೇಗೆ ನಾನು ಆರಿಸ್ತೀನಿ. ಅವರ್ಯಾರೂ ಬರ್ದೆ ನಾನೊಬ್ಳೇ ಆರ್ಸಬೇಕು ಅಂದ್ರೆ, ಆರ್ಸಾಕಿಲ್ಲ."

ಅವ್ವ ಯಾರ ಕಡೆಗೂ ನೋಡಲಿಲ್ಲ. ನಾನು ನೋಡಿದೆ. ದೊಡ್ಡಮ್ಮನೋರು ತಲೆಯ ಮೇಲಿನ ಸೆರಗು ಮುಂದಕ್ಕೆ ಎಳೆದುಕೊಂಡರು. ಸಾಹುಕಾರರು ತಟ್ಟೆ ನೋಡುತ್ತಾ ನಿಂತರು. ಕರ್ಪೂರ ಉರಿಯುತ್ತಿತ್ತು, ಯಾರೂ ಮುಂದೆ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆ ವರ್ಷವಷ್ಟೇ ಕೆಮಿಸ್ಟ್ರಿ ಲೆಕ್ಚರರು ನಮಗೆ ಹೇಳಿದ್ದರು, ಈಗಿನ ಅಂಗಡಿ ಕರ್ಪೂರ ಬಹಳಷ್ಟು ಕರ್ಪೂರದ ಮರದ್ದಲ್ಲ, ಟರ್ಪೆಂಟೈನ್ ಎಣ್ಣೆಯಿಂದ ಕಾರ್ಖಾನೆಯಲ್ಲಿ ಮಾಡಿದ್ದು ಅಂತ. ಅದನ್ನೇ ಕೂಗಿ ಹೇಳಿದೆ. "ಫ್ಯಾಕ್ಟರೀಲಿ ಮಾಡಿದ ಬಿಲ್ಲೆ ಇದು! ಇದಕ್ಕೇನು ಗೊತ್ತು ಸತ್ಯ ಯಾವುದು ಸುಳ್ಳು ಯಾವುದು ಅಂತ?" ಗುಡಿ ಗೋಡೆಗೆ ಬಣ್ಣ ಬಳಿಯುತ್ತಿದ್ದವನೊಬ್ಬ ಏಣಿಯ ಮೇಲಿಂದ, "ಏನು, ನಾವು ಪೇಂಟಿಗೆ ಹಾಕೋ ಟರ್ಪೆಂಟೈನಾ?" ಅಂದ. ಯಾರೋ ಕಿಸಕ್ಕನೆ ನಕ್ಕರು. ಹಿರಿಯರಿಗೆ ಸಿಟ್ಟು ಬಂತು. "ನಿನ್ನ ಕಾಲೇಜಿಗೆ ಕಳ್ಸಿದ್ದು ಇದಕ್ಕೇನಮ್ಮಿ?" ಅಂದರು.

"ಹೂಂ, ಇದಕ್ಕೇ" ಅಂದೆ.

ಅಷ್ಟರಲ್ಲಿ ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ತಟ್ಟೆಯಲ್ಲಿ ಒಂದು ಕರಿ ಕಲೆ ಉಳಿಯಿತು. ಅವ್ವ ನನ್ನ ರಟ್ಟೆ ಹಿಡಿದು ಮನೆ ಕಡೆ ನಡೆದಳು. ಹಿಂದಿನಿಂದ ಯಾರೋ, "ತಪ್ಪಿಲ್ದಿದ್ರೆ ಆರ್ಸದೇ ಇರ್ತಿದ್ಲಾ?" ಅಂದದ್ದು ಕೇಳಿಸಿತು.

ಅಲ್ಲಿಂದ ಅವ್ವನನ್ನು ಊರಲ್ಲಿ ಯಾರೂ ನೀರೆರೆಯಲು ಕರೆಯಲಿಲ್ಲ. ನಮ್ಮ ಕೇರಿಯವರೂ ಕರೆಯಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ಒಂದು ವಾರ ಅವ್ವ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಲಕ್ಕಿ ಸೊಪ್ಪು ಕಿತ್ತು ತಂದಳು. ಕಟ್ಟು ಹಾಗೇ ಬಾಡಿತು. ಆಮೇಲೆ ಕೀಳುವುದು ಬಿಟ್ಟಳು. ಅವಳ ಸೆರಗಿನಲ್ಲಿ ಬರೀ ಸೌದೆ ಹೊಗೆಯ ವಾಸನೆ ಉಳಿಯಿತು. ಮಂಡಿ ನೋವಿನ ಮುದುಕಿಯರು ಮಾತ್ರ ಯಾರೂ ಕಾಣದ ಹೊತ್ತಲ್ಲಿ ಬಂದು, "ಎರಡು ಎಲೆ ಕೊಡವ್ವ" ಅನ್ನುತ್ತಿದ್ದರು. ಕೊಡಬೇಡ ಅಂತ ನಾನು ಹಟ ಹಿಡಿದೆ. "ಮಂಡಿ ಏನು ಮಾಡ್ತು?" ಅಂತ ಅವ್ವ ಕೊಟ್ಟು ಕಳಿಸಿದಳು. ಅವ್ವನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಆಗಲೇ.

ಎರಡು ವರ್ಷ ಹೀಗೇ ಹೋಯಿತು. ನಾನು ಹಾಸನದಲ್ಲಿ ನರ್ಸಿಂಗ್ ಸೇರಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಒಂದು ಮಧ್ಯಾಹ್ನ ಬಂಗಲೆಯ ಗೇಟು ತೆಗೆದುಕೊಂಡು ದೊಡ್ಡಮ್ಮನೋರು ಒಬ್ಬರೇ ನಡೆದು ಬಂದರು. ಅವರು ನಮ್ಮ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಕರ್ಪೂರದ ಮರದ ಬೇರಿನ ಮೇಲೆ ಉಸ್ಸೆಂದು ಕೂತರು. ಅವ್ವ ಒಳಗಿಂದ ಒಂದು ಲೋಟ ನೀರು ತಂದು ಮುಂದಿಟ್ಟಳು. ಬೇಕಂತಲೇ ಇಟ್ಟಳು. ದೊಡ್ಡಮ್ಮನೋರು ಲೋಟ ನೋಡಿದರು, ಅವ್ವನ ಮುಖ ನೋಡಿದರು, ಎತ್ತಿ ಕುಡಿದರು.

"ಕಿರೀ ಸೊಸೆ ಹೆತ್ತವಳೆ ಕಣಮ್ಮಿ" ಅಂದರು. "ಹೆಣ್ಣು ಕೂಸು. ಬೇರೆ ಊರಿಂದ ಒಬ್ಬಳನ್ನ ಕರೆಸಿದ್ವಿ, ಅವಳ ಕೈಲಿ ಕೂಸು ಕಿರುಚಿಕೊಳ್ತದೆ. ನನ್ನ ಕೈ ನಡುಗ್ತವೆ. ಈ ಕೈ ಮೇಲೆ ನಂಗೇ ನಂಬಿಕೆ ಇಲ್ಲ. ನೀನು ಬಾ."

ದೊಡ್ಡಮ್ಮನೋರು ಸೆರಗಿನ ಗಂಟು ಬಿಚ್ಚಿ ಒಂದು ಕರ್ಪೂರದ ಬಿಲ್ಲೆ, ಬೆಂಕಿಪೊಟ್ಟಣ ತೆಗೆದರು. "ಅವತ್ತು ಹಚ್ಚಿದ್ದು ನಾನೇ. ಕೂಸಿಗೆ ಕೇಡಾಗಲಿ ಅಂತ ಹಚ್ಚಲಿಲ್ಲ, ಹಟಕ್ಕೆ ಹಚ್ಚಿದೆ. ನೀನು ಬ್ಯಾಡ ಅಂದೆಯಲ್ಲ, ಆ ಹಟಕ್ಕೆ. ಬೇಕಾದರೆ ಇಲ್ಲೇ ಕರ್ಪೂರ ಆರಿಸಿ ಹೇಳ್ತೀನಿ."

ಕಡ್ಡಿ ಗೀರಲು ಹೋದವರ ಕೈಯನ್ನು ಅವ್ವ ಹಿಡಿದುಕೊಂಡಳು.

"ಹಚ್ಬ್ಯಾಡಿ. ಮಡಗಿ ಅದ್ನ. ನಂಗೆ ನಿಮ್ಮ ಬರೀ ಮಾತೇ ಸಾಕು" ಅಂದಳು. "ನಿಮಗೆ ನನ್ನ ಮಾತು ಸಾಕಾಗ್ಲಿಲ್ಲ."

ದೊಡ್ಡಮ್ಮನೋರ ಕಣ್ಣಲ್ಲಿ ನೀರು ಬಂತು. ನನಗೆ ಕನಿಕರ ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಇನ್ನೂ ಅಳಲಿ ಅನ್ನಿಸಿತು.

"ಬತ್ತೀನಿ" ಅಂದಳು ಅವ್ವ. "ಆದ್ರೆ ಎರಡು ಮಾತು. ನನ್ನ ಯಾರ ಮುಂದೆ ನಿಲ್ಸಿದ್ರೋ ಅವರ ಮುಂದೆ ಈ ಮಾತು ಹೇಳ್ಬೇಕು. ನಂಗೆ ಹೇಳಿದ್ರೆ ಏನು ಬಂತು? ನಂಗೆ ಮೊದ್ಲೇ ಗೊತ್ತಿತ್ತು. ಇನ್ನೊಂದು, ಸಂದೀಲಿ ಸುತ್ತಿಕೊಂಡು ನಾನು ಬರಾಕಿಲ್ಲ. ಮುಂಬಾಗಿಲಲ್ಲೇ ಬತ್ತೀನಿ."

ದೊಡ್ಡಮ್ಮನೋರು ಬಿಲ್ಲೆ, ಬೆಂಕಿಪೊಟ್ಟಣ ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. ಎದ್ದು ಹೋಗುವಾಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬರಲ್ಲ ಬಿಡು ಅಂದೆ ನಾನು. ಅಪ್ಪನೂ ಅದನ್ನೇ ಅಂದ.

ಆದರೆ ಸೋಮವಾರ ನಮ್ಮನ್ನು ಗುಡಿ ಮುಂದಕ್ಕೆ ಕರೆಯಲು ಆಳು ಬಂದ. ಈ ಸಲ ಅಪ್ಪನೂ ಅಂಗಿ ಹಾಕಿಕೊಂಡು ಹೊರಟ. ದೊಡ್ಡಮ್ಮನೋರು ಜಗಲಿಯಲ್ಲಿ ಕೂರದೆ ಮಗನ ತೋಳು ಹಿಡಿದು ಕೆಳಗಿಳಿದು ಬಂದು, ಕೊನೆಯ ಮೆಟ್ಟಿಲ ಬಳಿ, ಅವ್ವ ನಿಂತಿದ್ದ ಜಾಗದಲ್ಲೇ ನಿಂತರು.

"ಅವತ್ತು ಕೂಸಿಗೆ ಕರ್ಪೂರ ಹಚ್ಚಿದ್ದು ನಾನು. ಇವಳು ಬ್ಯಾಡ ಅಂದಳು. ನಾನು ಕೇಳಲಿಲ್ಲ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದೂ ನಾನೇ."

ಅಷ್ಟೇ ಹೇಳಿದರು. ಪೂಜೆಯವರು ಅಭ್ಯಾಸ ಬಲದಿಂದ ತಟ್ಟೆ ತಂದರು. ಅವ್ವ, "ಒಳಕ್ಕೆ ತಗಂಡೋಗಿ ಸ್ವಾಮಿ" ಅಂದಳು. ಅವತ್ತು ಯಾರೂ ನಗಲಿಲ್ಲ. ಅರ್ಧ ಜನ ನೆಲ ನೋಡುತ್ತಿದ್ದರು. ಹೊತ್ತಿಗಾಗದ ಮರ್ಯಾದೆ ಅದು. ಎರಡು ವರ್ಷ ಬಾಡಿದ ಸೊಪ್ಪು ಅದರಿಂದ ಮತ್ತೆ ಹಸಿರಾಗಲಿಲ್ಲ. ಅವ್ವ ಅವರನ್ನು ಕ್ಷಮಿಸಿದಳೋ ಏನೋ, ನಾನು ಕೇಳಿಲ್ಲ. ನಾನಂತೂ ಕ್ಷಮಿಸಿಲ್ಲ. ಕ್ಷಮಿಸಬೇಕು ಅಂತ ಹೇಳುವವರು ಆ ಕೊನೆಯ ಮೆಟ್ಟಿಲ ಕೆಳಗೆ ಒಂದು ಸಲ ನಿಂತು ಬಂದು ಹೇಳಲಿ.

ಮಾರನೆಯ ಬೆಳಿಗ್ಗೆ ಅವ್ವ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಟ್ರಂಕಿನಿಂದ ಕರ್ಪೂರದ ಎಲೆಯ ವಾಸನೆಯ ಸೀರೆ ತೆಗೆದು ಉಟ್ಟಳು. ಮುಡಿಗೆ ಒಂದು ಎಸಳು ಮರುಗ ಸಿಕ್ಕಿಸಿಕೊಂಡಳು. ಲಕ್ಕಿ ಸೊಪ್ಪಿನ ಕಟ್ಟನ್ನು ನಾನು ಹೊತ್ತೆ. ಮಂಡಿಯ ಮುಂದೆ ಮೂಟೆ ಹೊಲಿಯುತ್ತಿದ್ದವರು ದಬ್ಬಳ ಹಿಡಿದುಕೊಂಡೇ ನೋಡಿದರು. ಸಾಹುಕಾರರು ಅರ್ಧ ಎದ್ದರು, ಮತ್ತೆ ಕೂತರು. ಅವ್ವ ಹೊಸಿಲ ಮುಂದೆ ನಿಂತು ಚಪ್ಪಲಿ ಬಿಟ್ಟಳು. ಬಲಗಾಲಿಟ್ಟು ಒಳಗೆ ಹೋದಳು. ಹಿಂದೆ ನಾನು. ನಡುಮನೆ ದಾಟಿ, ಅಡುಗೆಮನೆ ಪಕ್ಕದಿಂದ ಬಚ್ಚಲುಮನೆಗೆ ಹೋದದ್ದು ಅದೇ ಮೊದಲಾದ್ದರಿಂದ ಅವ್ವನಿಗೆ ಒಂದು ಕ್ಷಣ ಬಾಗಿಲು ಯಾವುದು ಅಂತ ಗೊತ್ತಾಗಲಿಲ್ಲ.

ಕಿಟಕಿಯ ಮೇಲೆ ಕರ್ಪೂರದ ಪೊಟ್ಟಣ ಇನ್ನೂ ಇತ್ತು. ಅವ್ವ ಅದನ್ನು ತೆಗೆದು ದೊಡ್ಡಮ್ಮನೋರ ಕೈಯಲ್ಲಿಟ್ಟು, "ಇದು ದೇವರ ಮನೇಲಿರ್ಲಿ" ಅಂದಳು. ಕೈಯನ್ನು ಬಿಸಿನೀರಲ್ಲಿ ಮೂರು ಸಲ ತೊಳೆದುಕೊಂಡಳು. ಆಮೇಲೆ ಮಣೆಯ ಮೇಲೆ ಕೂತು, ಸೀರೆ ಮಂಡಿಗೆ ಎತ್ತಿ ಕಟ್ಟಿ, ಎರಡೂ ಕಾಲು ಉದ್ದಕ್ಕೆ ಚಾಚಿ ಕೈ ನೀಡಿದಳು.

"ಕೊಡಿ ಕೂಸ್ನ" ಅಂದಳು.